ಮೊದಲ ಹಿಡಿ ಮಣ್ಣು

“ಹೆಣ ಅಂದ್ರ ಸಂತ್ಯಾಗಿನ ಕುಂಬಳಕಾಯಿ ಏನಲೇ ರಂಡಿ, ಯಾರು ಬೇಕಾದ್ರೂ ಬಂದು ಬಗಲಾಗ ಇಟ್ಕೊಂಡು ಹೋಗಾಕ? ನೀ ಆಕಿಗೆ ಏನಾಗಬೇಕು, ಅದನ್ನ ಬೊಗಳು ಮೊದಲು.”

ಪೊಲೀಸ್ ಜಮಾದಾರ ಹೀಗೆ ಕೇಳುತ್ತಿದ್ದದ್ದು ಮೂರನೇ ಸಲ. ಬಳ್ಳಾರಿ ಆಸ್ಪತ್ರೆಯ ಹಿಂಬದಿ, ಹೆಣದ ಕೋಣೆಯ ಮುಂದಿನ ಬೇವಿನ ಮರದ ನೆರಳಿಗೆ ಬೆಂಚು ಎಳೆದುಕೊಂಡು, ತೊಡೆಯ ಮೇಲೆ ಒಂದು ಫಾರಮ್ಮು ಹರವಿಕೊಂಡು, ಮೂರು ಸಲ ಫೇಲಾದ ಹುಡುಗನ ಮುಂದೆ ಕೂತ ಮೇಷ್ಟರ ಹಾಗೆ ಕೂತಿದ್ದ. ಸುಂಕಮ್ಮ ನೆಲದ ಮೇಲೆ ಕೂತಿದ್ದಳು. ಮೂರನೇ ಸಲವೂ ಅದೇ ಉತ್ತರ ಕೊಟ್ಟಳು.

“ನಾವಿಬ್ರೂ ಒಂದ ಮನ್ಯಾಗ ಇರಾರ್ರಿ. ಹದಿನಾರು ವರ್ಷ ಆತು.”

“ಒಂದ ಮನ್ಯಾಗ ಹಲ್ಲೀನೂ ಇರ್ತತಿ,” ಎಂದ ಜಮಾದಾರ, ಮತ್ತು ತನ್ನ ಮಾತಿಗೆ ತಾನೇ ನಕ್ಕ.

ಫಾರಮ್ಮಿನಲ್ಲಿ ಸರ್ಕಾರ ಐದು ಮನೆ ಕಟ್ಟಿತ್ತು. ಗಂಡ, ಮಗ, ತಂದೆ, ಅಣ್ಣತಮ್ಮ, ಇತರೆ ರಕ್ತಸಂಬಂಧ. ನಲವತ್ತರ ಸುಂಕಮ್ಮ, ಸಿರುಗುಪ್ಪದ ಅಕ್ಕಿ ಮಿಲ್ಲಿನಲ್ಲಿ ಗಂಡಸರ ಸಮಕ್ಕೆ ಚೀಲ ಹೊರುವ ಸುಂಕಮ್ಮ, ಆ ಐದರಲ್ಲಿ ಒಂದರೊಳಗೂ ಹಿಡಿಸಲಿಲ್ಲ. ಒಳಗೆ ಸಿಮೆಂಟಿನ ಕಟ್ಟೆಯ ಮೇಲೆ ಊರಮ್ಮ ಮಲಗಿದ್ದಳು. ಬೆಳಿಗ್ಗೆ ವಾರ್ಡಿಗೆ ಬ್ರೆಡ್ಡು ಹಾಲು ಬರುವ ಹೊತ್ತಿಗೆ ಜೀವ ಹೋಗಿತ್ತು. ಆಕೆಯ ಪಾಲಿನ ಬ್ರೆಡ್ಡನ್ನು ಆಯಾ ಕೊಟ್ರಮ್ಮ ಸುಂಕಮ್ಮನ ಕೈಗೆ ಕೊಟ್ಟಿದ್ದಳು. ಅದಿನ್ನೂ ಸೆರಗಿನ ಗಂಟಿನಲ್ಲಿತ್ತು.

ತಂಗಿ ಅಂದುಬಿಡು, ಕೆಲಸ ಮುಗೀತತಿ ಎಂದು ಕೊಟ್ರಮ್ಮ ಕಿವಿಯಲ್ಲಿ ಹೇಳಿದ್ದೂ ಆಗಿತ್ತು. ಆದರೆ ತಡವಾಗಿತ್ತು. ಯಾಕೆಂದರೆ ಆಸ್ಪತ್ರೆಯ ಪುಸ್ತಕದಲ್ಲಿ ಗಂಡನ ಕಾಲಮ್ಮಿಗೆ ಆಗಲೇ ಒಂದು ಹೆಸರು ಏರಿಬಿಟ್ಟಿತ್ತು, ಮತ್ತು ಏರಿಸಿದವಳು ಸುಂಕಮ್ಮನೇ.

ಮೊನ್ನೆ ಮಿಲ್ಲಿನ ಟ್ರ್ಯಾಕ್ಟರಿನಲ್ಲಿ, ಒದ್ದೆ ಗೋಣಿಚೀಲದಲ್ಲಿ ಸುತ್ತಿ ಊರಮ್ಮನನ್ನು ತಂದಾಗ ಕಿಟಕಿಯಲ್ಲಿ ಕೂತ ಗುಮಾಸ್ತ ತಲೆ ಎತ್ತದೆ ಯಾರ ಹೆಂಡತಿ ಎಂದು ಕೇಳಿದ್ದ. ಸುಂಕಮ್ಮನಿಗೆ ಆ ಪ್ರಶ್ನೆ ಹೊಸದಲ್ಲ. ಇಪ್ಪತ್ತು ವರ್ಷದ ಹಿಂದೆ ಇಂಥದೇ ಒಂದು ಕಿಟಕಿಯ ಮುಂದೆ, ಹೊಟ್ಟೆಯಲ್ಲಿ ಸತ್ತ ಕೂಸನ್ನು ಹೊತ್ತುಕೊಂಡು ನಿಂತಾಗ ಗಂಡನ ಹೆಸರು ಕೇಳಿದ್ದರು. ಆಕೆ ಬಸವಿ. ದೇವರಿಗೆ ಬಿಟ್ಟವಳು. ಇದ್ದದ್ದನ್ನೇ ಹೇಳಿದ್ದಳು, ದೇವರು ಎಂದು. ಕಿಟಕಿಯ ಒಳಗಿನವರೆಲ್ಲ ಬಿದ್ದು ಬಿದ್ದು ನಕ್ಕರು. ಆಮೇಲೆ ಪಾಯಖಾನೆಯ ಪಕ್ಕದ ವರಾಂಡದಲ್ಲಿ ಚಾಪೆ ಹಾಕಿ ಮಲಗಿಸಿದರು. ಗಂಡ ಇದ್ದವಳಿಗೆ ಮಂಚ, ಇಲ್ಲದವಳಿಗೆ ನೆಲ ಎಂಬುದು ಅವತ್ತು ಆಕೆ ಕಲಿತ ಕಾಯಿದೆ. ಅದಕ್ಕೇ ಮೊನ್ನೆ ಹಿಂದುಮುಂದು ನೋಡದೆ ಹೇಳಿಬಿಟ್ಟಳು. ಬರಕೊಳ್ರಿ, ಕುರುಗೋಡು ಉಚ್ಚೆಂಗೆಪ್ಪನ ಹೇಂತಿ. ಅದು ಊರಮ್ಮನನ್ನು ಎಂದೋ ಬಿಟ್ಟ ಗಂಡನ ಹೆಸರು.

ಮಂಚ ಸಿಕ್ಕಿತು. ಮೈಯೆಲ್ಲ ಬೆಂದು ತೊಗಲು ಜೋತುಬಿದ್ದಿದ್ದ ಊರಮ್ಮ ಅರ್ಧ ತುಟಿಯಲ್ಲೇ ನಕ್ಕಿದ್ದಳು.

“ಹದಿನಾರು ವರ್ಷದ ಮ್ಯಾಲೆ ಮತ್ತ ಅದ ನನ್ಮಗನ ಕೊರಳಿಗೆ ಕಟ್ಟಿದೇನ ನನ್ನ?”

ಊರಮ್ಮ ಹಾಗೇ ಇದ್ದವಳು. ಸಿರುಗುಪ್ಪದ ಟೆಂಟಿಗೆ ಬಂದ ಪಿಕ್ಚರ್ ಕನ್ನಡವೋ ತೆಲುಗೋ, ಒಂದನ್ನೂ ಬಿಟ್ಟವಳಲ್ಲ. ಮಿಲ್ಲಿನಲ್ಲಿ ಬೇಯಿಸಿದ ಭತ್ತವನ್ನು ಸಿಮೆಂಟು ಕಣದ ಮೇಲೆ ಹರವಿ, ಸುಡುವ ಬಿಸಿಲಲ್ಲಿ ಕಾಲು ಎಳೆಯುತ್ತ ಸಾಲು ತಿರುವುವ ಹೆಂಗಸರ ನಡುವೆ ಆಕೆ ಹೀರೋನೂ ಆಗುತ್ತಿದ್ದಳು, ವಿಲನ್ನೂ ಆಗುತ್ತಿದ್ದಳು, ಹೀರೋಯಿನ್ನಿಗೆ ಬೇರೆ ಯಾರೂ ಸಿಗದಿದ್ದರೆ ಸುಂಕಮ್ಮನ ಗದ್ದ ಹಿಡಿದು ಎತ್ತುತ್ತಿದ್ದಳು. ಕೋರ್ಟಿನ ಸೀನು ಬಂದರಂತೂ ಕೇಳಬೇಡಿ. ಭತ್ತದ ರಾಶಿಯೇ ಜಡ್ಜು. ಮಿಲ್ಲಿನ ರೈಟರ್ ವಿರೂಪಾಕ್ಷಪ್ಪ ದೂರದಿಂದ ಬಯ್ದರೆ, ಅಬ್ಜೆಕ್ಷನ್ ಓವರ್‌ರೂಲ್ಡ್ ಎಂದು ಬೆನ್ನು ತಿರುಗಿಸುತ್ತಿದ್ದಳು.

ಭತ್ತ ಬೇಯಿಸುವ ಹಂಡೆಯ ಮುಚ್ಚಳಕ್ಕೆ ಬೋಲ್ಟು ಹೋಗಿ ಮೂರು ತಿಂಗಳಾಗಿತ್ತು. ಹಗ್ಗ ಕಟ್ಟಿದ್ದರು. ಹಗ್ಗ ಎಷ್ಟು ದಿನ ಉಗಿ ತಡೆದೀತು? ಮುಚ್ಚಳ ಹಾರಿ, ಕುದಿಯುವ ಭತ್ತ ಊರಮ್ಮನ ಎದೆಯಿಂದ ಮೊಣಕಾಲಿನ ತನಕ ಸುರಿಯಿತು. ಎರಡು ದಿನ ಸುಂಕಮ್ಮ ಆ ಮಂಚದ ಪಕ್ಕ ಕೂತು, ಕೊಟ್ರಮ್ಮ ಕೊಟ್ಟ ಚಿಮಟದಲ್ಲಿ ಬೆಂದ ಮೈಯೊಳಗೆ ಹೂತಿದ್ದ ಭತ್ತದ ಕಾಳುಗಳನ್ನು ಆರಿಸಿದಳು. ಎರಡನೇ ದಿನ ಸಂಜೆ ಊರಮ್ಮ ತಮಾಷೆ ಬಿಟ್ಟು ಒಂದೇ ಒಂದು ಮಾತಾಡಿದಳು.

“ಮೊದಲ ಹಿಡಿ ಮಣ್ಣು ನೀನ ಹಾಕಬೇಕು ಸುಂಕಿ. ಯಾರ ಕೈಯಾಗೂ ಕೊಡಬ್ಯಾಡ.”

ಅವರ ಕೇರಿಯಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಗುಂಡಿಗೆ ಮೊದಲ ಹಿಡಿ ಮಣ್ಣು ಹಾಕಿದವರೇ ಸತ್ತವರ ವಾರಸುದಾರರು. ಅದಕ್ಕೆ ಸಹಿ ಬೇಡ, ಸ್ಟಾಂಪು ಬೇಡ. ಒಮ್ಮೆ ಬಿದ್ದ ಮಣ್ಣನ್ನು ಯಾವ ನ್ಯಾಯವೂ ಎತ್ತಲಾರದು. ಆಗಲಿ ಎಂದು ಸುಂಕಮ್ಮ ಮಾತು ಕೊಟ್ಟಿದ್ದಳು.

ಮಧ್ಯಾಹ್ನದ ಹೊತ್ತಿಗೆ ಮಿಲ್ಲಿನ ಜೀಪು ಬಂತು. ಜಮಾದಾರ ಎದ್ದು ನಿಂತು ಟೋಪಿ ಹುಡುಕಿಕೊಂಡ. ಇಳಿದವನು ರೈಟರ್ ವಿರೂಪಾಕ್ಷಪ್ಪ, ಹಣೆಯ ತುಂಬ ವಿಭೂತಿ. ಹಿಂದೆ ಇಳಿದವನು ಒಬ್ಬ ಬಡಕಲು ಮನುಷ್ಯ. ಮೈಮೇಲೆ ಅಂಗಡಿಯ ಮಡಿಕೆಯೂ ಹೋಗದ ಹೊಸ ಅಂಗಿ, ಕಾಲರಿನಲ್ಲಿ ಗುಂಡುಪಿನ್ನು ಹಾಗೇ ಇತ್ತು. ಎಂದೋ ಜಾತ್ರೆಯಲ್ಲಿ ಊರಮ್ಮ ದೂರದಿಂದ ತೋರಿಸಿದ್ದ ಮುಖ, ಸುಂಕಮ್ಮನಿಗೆ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಉಚ್ಚೆಂಗೆಪ್ಪ. ಆಸ್ಪತ್ರೆಯ ಪುಸ್ತಕದಿಂದ ಎದ್ದು ಬಂದ ಗಂಡ. ಪಿಕ್ಚರಿನಲ್ಲಾದರೆ ಇಂಥವರು ಬರುವಾಗ ಹಿಂದೆ ಗುಡುಗು ಸಿಡಿಲು ಹಾಕುತ್ತಾರೆ. ಇಲ್ಲಿ ಬೇವಿನ ಮರದಲ್ಲಿ ಕಾಗೆಯೊಂದು ಕೂತು ಕಕ್ಕ ಮಾಡಿತು, ಅಷ್ಟೇ.

ವಿರೂಪಾಕ್ಷಪ್ಪ ಬರೆದೇ ತಂದಿದ್ದ ಕಾಗದ ಓದಿದ. ಊರಮ್ಮ, ಕುರುಗೋಡು ಉಚ್ಚೆಂಗೆಪ್ಪನ ಹೆಂಡತಿ, ಮನೆಯಲ್ಲಿ ಅನ್ನ ಬಸಿಯುವಾಗ ಒಲೆಯ ಮೇಲಿನ ಗಡಿಗೆ ಉರುಳಿ ಬೆಂದು ತೀರಿಕೊಂಡಿದ್ದಾಳೆ, ಯಾರ ಮೇಲೂ ಅನುಮಾನವಿಲ್ಲ. ಮಿಲ್ಲಿನ ಸುದ್ದಿ ಎಲ್ಲೂ ಇಲ್ಲ. ಮಿಲ್ಲಿನ ಧಣಿ ತಿಪ್ಪೇರುದ್ರಪ್ಪನವರಿಗೆ ಬೇಕಾಗಿದ್ದದ್ದು ಇಷ್ಟೇ. ಈ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಒಬ್ಬ ವಾರಸುದಾರ, ಮತ್ತು ಸಂಜೆಯೊಳಗೆ ಮುಚ್ಚಿಹೋಗುವ ಒಂದು ಗುಂಡಿ.

ಹಂಡೆಯ ಮಾತು, ಹಗ್ಗದ ಮಾತು, ಕಾಳು ಆರಿಸಿದ ಮಾತು, ಎಲ್ಲವನ್ನೂ ಸುಂಕಮ್ಮ ಜಮಾದಾರನ ಮುಂದೆ ಹೇಳಿದಳು. ನಿನ್ನನ್ನ ಯಾರು ಕೇಳಿದರು, ನೀನು ಯಾವ ಕಾಲಮ್ಮಿನಾಕಿ ಎಂದು ಜಮಾದಾರ ಕೇಳಿದ. ಆಮೇಲೆ ಕಾಯಿದೆ ಪ್ರಕಾರ ಹೆಣದ ಗುರುತು ಹಿಡಿಯಬೇಕೆಂದು ಗಂಡನನ್ನು ಒಳಗೆ ಕರೆದ.

ಒಳಗೆ ಎರಡು ಹೆಣ ಇದ್ದವು. ಉಚ್ಚೆಂಗೆಪ್ಪ ಎರಡನ್ನೂ ನೋಡಿದ. ಮೂಗಿಗೆ ಹೊಸ ಅಂಗಿಯ ತೋಳು ಒತ್ತಿಕೊಂಡು, ಕಿಟಕಿಯ ಕಡೆಗಿದ್ದುದನ್ನು ತೋರಿಸಿ ಈಕೀನ ಅಂದ. ಅದು ಹಲಕುಂದಿಯ ಒಬ್ಬ ಮುದುಕಿಯ ಹೆಣ. ಎಪ್ಪತ್ತು ದಾಟಿತ್ತು.

ವಿರೂಪಾಕ್ಷಪ್ಪ ಕೆಮ್ಮಿ, ಈ ಕಡೆ ನೋಡೋ ಎಂದ. ಉಚ್ಚೆಂಗೆಪ್ಪ ಈ ಕಡೆ ನೋಡಿ ಈಕೀನೂ ಹೌದು ಅಂದ.

ಬಾಗಿಲಲ್ಲಿ ನಿಂತಿದ್ದ ಸುಂಕಮ್ಮ ಜಮಾದಾರನ ಮುಖ ನೋಡಿದಳು. ಅವನಿಗೂ ಒಂದು ಗಳಿಗೆ ನಾಚಿಕೆಯಾದ ಹಾಗಿತ್ತು. ಆ ಗಳಿಗೆ ಮುಗಿದ ಮೇಲೆ ಇಂಕಿನ ಡಬ್ಬಿ ತೆಗೆದ. ಊರಮ್ಮನ ಎಡಗಾಲಿನ ಕಿರುಬೆರಳು ಯಾವ ಮಳೆಗಾಲದಲ್ಲಿ ಮುರಿಯಿತು, ಯಾವ ಹಲ್ಲು ನೋಯುತ್ತಿತ್ತು, ನಿದ್ದೆಯಲ್ಲಿ ಯಾವ ಡೈಲಾಗು ಹೇಳುತ್ತಿದ್ದಳು ಎಂಬುದೆಲ್ಲ ಬಲ್ಲವಳು ಬಾಗಿಲಾಚೆ ಉಳಿದಳು. ಹೆಣವನ್ನೇ ಗುರುತು ಹಿಡಿಯದವನ ಹೆಬ್ಬೆಟ್ಟು ಕಾಗದದ ಮೇಲೆ ಕೂತಿತು.

ಸುಂಕಮ್ಮ ಹೊಸ್ತಿಲಿಗೆ ಅಡ್ಡ ಕೂತಳು. ವಿರೂಪಾಕ್ಷಪ್ಪ ಬಗ್ಗಿ, ಮಗುವಿಗೆ ಹೇಳುವ ಹಾಗೆ ಮೆತ್ತಗೆ ಹೇಳಿದ.

“ನೋಡು ಸುಂಕಿ, ಧಣೇರು ಒಳ್ಳೇರು. ನಾಳಿ ಬಂದು ಕೆಲಸಕ್ಕ ನಿಂತ್ರ ಬ್ಯಾಡ ಅನ್ನಂಗಿಲ್ಲ. ಇಬ್ರು ಹೆಂಗಸ್ರು ಒಂದ ಚಾಪಿ ಮ್ಯಾಲೆ ಏನ್ ಮಾಡ್ತಿದ್ರಿ ಅಂತ ಈ ಜಮಾದಾರ್ರು ಬರಕೊಳ್ಳಾಕ ಹತ್ತಿದ್ರ ಆಗ ಕಷ್ಟ. ಏಳು.”

ಆಕೆ ಏಳಲಿಲ್ಲ. ಜಮಾದಾರ ಲಾಠಿಯ ತುದಿಯಿಂದ ಎಬ್ಬಿಸಿದ.

ಹೆಣವನ್ನು ಜೀಪಿನ ಹಿಂದೆ ಬಂದಿದ್ದ ಮಿಲ್ಲಿನ ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ಖಾಲಿ ಚೀಲಗಳ ಮೇಲೆ ಹಾಕಿದರು. ಉಚ್ಚೆಂಗೆಪ್ಪ ಡ್ರೈವರನ ಪಕ್ಕ ಮಡ್‌ಗಾರ್ಡಿನ ಮೇಲೆ ಹತ್ತಿ ಕೂತ. ಹಿಂದೆ ಊರಮ್ಮ ಒಬ್ಬಳೇ. ಸುಂಕಮ್ಮ ಹತ್ತಲು ಹೋದರೆ ವಾರಸುದಾರರಿಗೆ ಮಾತ್ರ ಎಂದು ಇಳಿಸಿದರು. ಆಕೆ ಓಡಿದಳು. ಟ್ರ್ಯಾಕ್ಟರಿನ ಮುಂದೆ ಮನುಷ್ಯರ ಕಾಲು ಎಷ್ಟರದು, ಆದರೆ ಬ್ರೂಸ್‌ಪೇಟೆಯ ಸಂದಿ ಇಕ್ಕಟ್ಟಿನದು. ಅಲ್ಲಿ ಮೆಣಸಿನಕಾಯಿ ಚೀಲದ ಬಂಡಿಯೊಂದು ಅಡ್ಡ ಮುರಿದು ಬಿದ್ದು, ದಲಾಲರು, ಹಮಾಲರು, ಸೈಕಲ್ಲು, ಎಮ್ಮೆ ಎಲ್ಲ ಕಲೆತು ಟ್ರ್ಯಾಕ್ಟರ್ ನಿಂತಿತ್ತು. ಸುಂಕಮ್ಮ ಹೋಗಿ ಟ್ರೈಲರಿನ ಹಿಂಬಾಗಿಲು ಹಿಡಿದಳು. ಬಿಳಿ ಬಟ್ಟೆಯ ಹೊರಗೆ ಊರಮ್ಮನ ಒಂದು ಪಾದ ಇಣುಕಿತ್ತು. ಹದಿನಾರು ವರ್ಷ ಬಿಸಿ ಭತ್ತ ತಿರುವಿ, ಬೇಸಿಗೆಯ ಕೆರೆಯಂಗಳದಂತೆ ಒಡೆದ ಅಂಗಾಲು. ಆಕೆ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮೆಣಸಿನ ಘಾಟಿಗೆ ಸುತ್ತಲಿನವರೆಲ್ಲ ಸೀನುತ್ತಿದ್ದರು, ಕಣ್ಣೊರೆಸಿಕೊಳ್ಳುತ್ತಿದ್ದರು. ಆಕೆ ಅತ್ತದ್ದು ಆ ಗದ್ದಲದಲ್ಲಿ ಯಾರಿಗೂ ಬೇರೆಯಾಗಿ ಕಾಣಲಿಲ್ಲ. ಬಂಡಿ ಸರಿಯಿತು. ಟ್ರ್ಯಾಕ್ಟರ್ ಎಳೆದುಕೊಂಡಿತು. ಪಾದ ಕೈಬಿಟ್ಟು ಹೋಯಿತು.

ಕುರುಗೋಡಿನ ಬಸ್ಸು ಹತ್ತಿ ಕಿಟಕಿಗೆ ಒರಗಿದಾಗ ಆಕೆಗೆ ತನ್ನ ಅಪ್ಪನ ಹೆಣ ನೆನಪಾಯಿತು.

ಅಪ್ಪನಿಗೆ ಗಂಡು ಮಕ್ಕಳಿರಲಿಲ್ಲ. ಮನೆಯ ದೀಪ ಆರಬಾರದೆಂದು ಹನ್ನೊಂದು ವರ್ಷದ ಸುಂಕಮ್ಮನಿಗೆ ಗುಡಿಯಲ್ಲಿ ಮುತ್ತು ಕಟ್ಟಿಸಿ ಬಸವಿ ಬಿಟ್ಟರು. ಇವತ್ತಿನಿಂದ ಈಕೆ ಮನೆಯ ಗಂಡು ಮಗ ಎಂದು ಪೂಜಾರಿ ಊರ ಮುಂದೆ ಸಾರಿದ. ಗಂಡು ಮಗನನ್ನು ಮೈ ನೆರೆದ ಮೂರನೇ ತಿಂಗಳಿಗೆ ಗೌಡರ ತೋಟದ ಮನೆಗೆ ಕಳಿಸಿದರು. ಆಮೇಲೆ ಯಾರು ಯಾರ ಮನೆಗೆ ಎಂಬುದನ್ನು ಆಕೆ ನೆನಪಿಟ್ಟುಕೊಂಡಿಲ್ಲ. ಅಪ್ಪ ಸತ್ತಾಗ ಮಾತ್ರ ಯಾರೂ ಚಕಾರ ಎತ್ತಲಿಲ್ಲ. ಆಕೆಯೇ ಚಟ್ಟಕ್ಕೆ ಹೆಗಲು ಕೊಟ್ಟಳು, ಆಕೆಯೇ ಮೊದಲ ಹಿಡಿ ಮಣ್ಣು ಹಾಕಿದಳು, ಗುಡಿಸಲು ಆಕೆಯದಾಯಿತು.

ಆ ಗುಡಿಸಲಿಗೆ ಊರಮ್ಮ ಬಂದಳು. ಮಕ್ಕಳಾಗಲಿಲ್ಲವೆಂದು ಉಚ್ಚೆಂಗೆಪ್ಪ ಇನ್ನೊಬ್ಬಳನ್ನು ತಂದುಕೊಂಡಿದ್ದ. ಕುಲದ ಹಿರಿಯರ ಮುಂದೆ ಕಡ್ಡಿ ಮುರಿದು ಊರಮ್ಮನ ಕೈಗಿಟ್ಟು, ನಿನಗೂ ನನಗೂ ತೀರಿತು ಎಂದಿದ್ದ. ಕೂಲಿಗೆಂದು ಸಿರುಗುಪ್ಪಕ್ಕೆ ಬಂದವಳು ಒಂದು ಮಳೆಯ ದಿನ ಸುಂಕಮ್ಮನ ಬಾಗಿಲಲ್ಲಿ ನಿಂತಳು, ಒಳಗೆ ಬಂದಳು, ಹೋಗಲಿಲ್ಲ. ವರ್ಷದ ಮೇಲೆ ಸುಂಕಮ್ಮ ಒಂದು ಹಸಿರು ಸೀರೆ ತಂದು ಕೇರಿಯ ಮುಂದೆ ಆಕೆಗೆ ಉಡಿಸಿದಳು. ಕಡ್ಡಿ ಮುರಿದ ಹೆಣ್ಣಿಗೆ ಗಂಡು ಸೀರೆ ಉಡಿಸಿದರೆ ಅದು ಸೀರುಡಿಕೆ, ಅವರಲ್ಲಿ ಅದೇ ಎರಡನೇ ಮದುವೆ. ಬಸವಿ ಗಂಡು ಮಗನಲ್ಲವೇ, ಉಡಿಸಲಿ ಬಿಡು ಎಂದು ಹಿರಿಯರು ಹೊಟ್ಟೆ ಹಿಡಿದು ನಕ್ಕು, ಆಕೆ ತರಿಸಿದ ಹೆಂಡ ಕುಡಿದು, ಮೀಸೆ ಒರೆಸಿಕೊಂಡು ಹೋದರು. ಊರಮ್ಮನ ಕಡ್ಡಿ ಮುರಿಸಿದ ಕುರುಗೋಡಿನ ಹಿರಿಯ ಮಾರೆಣ್ಣನೂ ಅವರಲ್ಲಿದ್ದ. ಅವರಿಗೆ ಅದು ತಮಾಷೆ. ಇವರಿಬ್ಬರಿಗೆ ಅದು ಮದುವೆ.

ಬಸ್ಸು ಇಳಿದು ಕಾಲುವೆಯ ದಂಡೆ ಹಿಡಿದು ಓಡಿದಾಗ ಹೊತ್ತು ಇಳಿಯುತ್ತಿತ್ತು. ಕೊನೆಯ ರೀಲಿನಲ್ಲಿ ನಿಲ್ಲಿಸಿ ಎಂದು ಕೂಗಿಕೊಂಡು ಬರುವ ಪಾತ್ರ ಈಗ ಆಕೆಯದು. ಆದರೆ ಓಡುವುದಕ್ಕೇ ಉಸಿರು ಸಾಲದಾಗಿತ್ತು, ಕೂಗುವುದು ಎಲ್ಲಿಂದ? ಎರೆಹೊಲದ ಅಂಚಿನ ಸ್ಮಶಾನದಲ್ಲಿ ಕೇರಿಯ ಹತ್ತಿಪ್ಪತ್ತು ಜನ ಸುತ್ತ ನಿಂತಿದ್ದರು. ಜೀಪು ಜಾಲಿಮರದ ಕೆಳಗಿತ್ತು. ಊರಮ್ಮನನ್ನು ಆಗಲೇ ಗುಂಡಿಗೆ ಇಳಿಸಿದ್ದರು. ಉಚ್ಚೆಂಗೆಪ್ಪ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡಿದ್ದ.

ಸುಂಕಮ್ಮ ಅವನ ಮಣಿಕಟ್ಟು ಹಿಡಿದಳು. ಚೀಲ ಹೊರುವ ಕೈ ಅದು, ಅವನು ಬಿಡಿಸಿಕೊಳ್ಳಲಾರದೆ ಹೋದ.

“ಮಾರೆಣ್ಣ, ಕಡ್ಡಿ ಇವನ ಕೈಯಾಗ ಕೊಟ್ಟಾವ ನೀನ. ಮುರದದ್ದು ನೋಡಿದಾವ ನೀನ. ನಾ ಸೀರಿ ಉಡಿಸಿದ ದಿನ ಹೆಂಡ ಕುಡದಾವನೂ ನೀನ. ಈ ಮಣ್ಣು ಯಾರದು, ಹೇಳು.”

ಮಾರೆಣ್ಣ ಮುದುಕನಾಗಿದ್ದ. ಸಲಿಕೆಯ ಹಿಡಿಕೆಗೆ ಗದ್ದ ಊರಿ ನೆಲ ನೋಡಿದ. ಅವನ ಇಬ್ಬರು ಮಕ್ಕಳು ತಿಪ್ಪೇರುದ್ರಪ್ಪನವರ ಗದ್ದೆಯಲ್ಲೇ ಕೆಲಸಕ್ಕಿದ್ದರು. ಅರ್ಧ ಕೇರಿ ಅಲ್ಲೇ ಇತ್ತು. ಕಡ್ಡಿ ಮುರಿದದ್ದು ಖರೆ ಎಂದ. ಆದರೆ ಆಸ್ಪತ್ರೆಯ ಪುಸ್ತಕದಾಗ ನೀನ ಇವನ ಹೆಸರು ಬರಸೀದಿಯಂತಲ್ಲ ಎಂದ. ಉಚ್ಚೆಂಗೆಪ್ಪನ ಮಣಿಕಟ್ಟಿನ ಮೇಲೆ ಸುಂಕಮ್ಮನ ಹಿಡಿತ ಸಡಿಲಾಯಿತು. ಅಷ್ಟಕ್ಕೆ ಧೈರ್ಯ ಬಂದು ಮಾರೆಣ್ಣ ತಲೆ ಎತ್ತಿದ.

“ದೇವ್ರು ನಿನ್ನ ಗಂಡು ಮಾಡಿದ್ದು ನಿಮ್ಮಪ್ಪನ ಮನಿಗೆ ತಂಗೀ. ಹಾಸಿಗಿಗೆ ಅಲ್ಲ.”

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಸುಂಕಮ್ಮ ಉಚ್ಚೆಂಗೆಪ್ಪನ ಕೈ ಬಿಟ್ಟಳು.

“ಗೌಡ್ರ ಹಾಸಿಗಿಗೆ ಕರದಾಗ ಹೆಣ್ಣು ಅಂದ್ರಿ, ಹೋದೆ. ಅಪ್ಪನ ಹೆಣ ಹೊರಾಕ ಗಂಡು ಅಂದ್ರಿ, ಹೊತ್ತೆ. ನಿಮಗ ಬೇಕಾದಾಗ ಬೇಕಾದ್ದು ಮಾಡಿದ್ರಿ ನನ್ನ. ನನಗ ಬೇಕಾಗಿದ್ದು ಇದೊಂದ. ಇದಕ್ಕ ನಾ ಏನಂತ ಹೇಳ್ರಿ.”

ನಕ್ಕವರು ನಗು ನಿಲ್ಲಿಸಿದರು. ಹೆಂಗಸರ ಗುಂಪಿನಲ್ಲಿ ಒಬ್ಬಳು, ಉಚ್ಚೆಂಗೆಪ್ಪನ ಈಗಿನ ಹೆಂಡತಿಯೇ ಇರಬೇಕು, ಸೆರಗು ಬಾಯಿಗೆ ಒತ್ತಿಕೊಂಡಳು. ವಿರೂಪಾಕ್ಷಪ್ಪ ಜಾಲಿಮರದ ಕೆಳಗಿಂದಲೇ, ಮೈಲಿಗೆಯಾಗದಷ್ಟು ದೂರದಲ್ಲಿ ನಿಂತು, ಈ ಬೋಸುಡಿಯ ಪುರಾಣ ಸಾಕು, ಹಾಕೋ ಮಣ್ಣು ಎಂದು ಉಚ್ಚೆಂಗೆಪ್ಪನಿಗೆ ಕೂಗಿದ.

ಉಚ್ಚೆಂಗೆಪ್ಪ ಕೈ ಎತ್ತಿದ. ಅಷ್ಟರಲ್ಲಿ ಸುಂಕಮ್ಮ ಗುಂಡಿಗೆ ಇಳಿದಿದ್ದಳು.

ಹೆಣ ಇಳಿದ ಗುಂಡಿಯಲ್ಲಿ ಜೀವಂತ ಮನುಷ್ಯರ ಕಾಲು ಬಿದ್ದರೆ ಇಳಿದವರ ಮನೆಯಲ್ಲಿ ಇನ್ನೊಂದು ಹೆಣ ಬೀಳುತ್ತದೆ ಎಂಬುದು ಆ ಕೇರಿಯ ನಂಬಿಕೆ. ಸುಂಕಮ್ಮ ಅದನ್ನು ಬಲ್ಲವಳೇ. ಊರಮ್ಮನ ಮೊಣಕಾಲಿನ ಮಗ್ಗುಲಿಗೆ ಇಕ್ಕಟ್ಟಿನಲ್ಲಿ ಕೂತು, ಸರಿದಿದ್ದ ಬಟ್ಟೆಯನ್ನು ಆಕೆಯ ಪಾದದ ಮೇಲೆ ಎಳೆದಳು. ಅಪ್ಪನ ಮನೆಯಲ್ಲಿ ಸಾಯಲು ಆಕೆಯ ಹೊರತು ಇನ್ನು ಯಾರೂ ಉಳಿದಿರಲಿಲ್ಲ.

ಹೊರಗೆಳೀರಿ ಆಕಿನ್ನ ಎಂದ ವಿರೂಪಾಕ್ಷಪ್ಪ. ಇಬ್ಬರು ಹುಡುಗರು ಅಂಚಿನ ತನಕ ಬಂದು, ಕೆಳಗೆ ನೋಡಿ, ತಮ್ಮ ತಮ್ಮ ಮನೆಯವರನ್ನು ನೆನೆಸಿಕೊಂಡು ಹಿಂದೆ ಸರಿದರು. ಹಂಗಾರ ಆಕಿ ಮ್ಯಾಲೇನ ಹಾಕ್ರಿ ಎಂದ ವಿರೂಪಾಕ್ಷಪ್ಪ.

“ಜೀವ ಇದ್ದೋರ ಮ್ಯಾಲೆ ಹಾಕಾಕ ಬ್ಯಾರೆ ಕಾಗದ ಬೇಕಾಕ್ಕತಿ ರೈಟರ್ ಸಾಹೇಬ್ರ,” ಎಂದ ಮಾರೆಣ್ಣ, ನೆಲ ನೋಡುತ್ತಲೇ. “ಅದಕ್ಕ ಯಾರ ಹೆಬ್ಬೆಟ್ಟು ತಂದೀರಿ?”

ವಿರೂಪಾಕ್ಷಪ್ಪ ತಾನೇ ಮುಂದೆ ಬರುವ ಹಾಗೆ ಎರಡು ಹೆಜ್ಜೆ ಇಟ್ಟ. ಮಾದಿಗರ ಸ್ಮಶಾನದ ಸಲಿಕೆ ಮುಟ್ಟಬೇಕಾದೀತೆಂಬುದು ನೆನಪಾಗಿ ನಿಂತ.

ಸುಂಕಮ್ಮ ಮೇಲೆ ನೋಡಲಿಲ್ಲ. ಎರಡು ದಿನ ಕಾಳು ಆರಿಸಿದ ಬೆರಳುಗಳನ್ನು ಗುಂಡಿಯ ಗೋಡೆಗೆ ಊರಿ, ಉಗುರಿನಿಂದ ಕೆರೆದು, ಒಳಗಿಂದಲೇ ಒಂದು ಹಿಡಿ ಎರೆಮಣ್ಣು ಬಿಡಿಸಿದಳು. ತಣ್ಣಗಿತ್ತು. ಅದನ್ನು ಊರಮ್ಮನ ಎದೆಯ ಮೇಲೆ, ಬೆಂದ ಮೈಗೆ ನೋವಾದೀತೆನ್ನುವ ಹಾಗೆ, ಮೆಲ್ಲಗೆ ಇಟ್ಟಳು.

ಮೇಲೆ ಉಚ್ಚೆಂಗೆಪ್ಪ ಮುಷ್ಟಿ ಹಿಡಿದುಕೊಂಡೇ ನಿಂತಿದ್ದ. ಅವನ ಮುಷ್ಟಿಯಲ್ಲಿದ್ದದ್ದು ಈಗ ಎರಡನೆಯ ಹಿಡಿ. ಅದನ್ನು ಏನು ಮಾಡಬೇಕೆಂದು ಅವನಿಗೂ ತಿಳಿಯಲಿಲ್ಲ, ಮಾರೆಣ್ಣನಿಗೂ ತಿಳಿಯಲಿಲ್ಲ.

ಕತ್ತಲಾಗಲು ಇನ್ನೂ ಹೊತ್ತಿತ್ತು. ಜೀಪಿನ ಹಾರ್ನು ಎರಡು ಸಲ ಕೂಗಿ ಸುಮ್ಮನಾಯಿತು. ಯಾರೂ ಸಲಿಕೆ ಎತ್ತಲಿಲ್ಲ, ಯಾರೂ ಮನೆಗೂ ಹೋಗಲಿಲ್ಲ. ಕೆಳಗಿಂದ ಮಣ್ಣು ಕೆರೆಯುವ ಸದ್ದು ಮಾತ್ರ ಬರುತ್ತಿತ್ತು. ಒಂದು ಹಿಡಿ, ಇನ್ನೊಂದು ಹಿಡಿ. ಎಡಕ್ಕೆ ಕೆರೆದು ಕೆರೆದು ಗುಂಡಿಯ ಗೋಡೆ ಹಿಂದಕ್ಕೆ ಸರಿಯುತ್ತಿತ್ತು. ಒಬ್ಬರ ಅಳತೆಗೆ ತೋಡಿದ ಗುಂಡಿ ಅದು. ಈಗ ಇಬ್ಬರು ಮಗ್ಗುಲಾಗುವಷ್ಟು ಅಗಲವಾಗಿತ್ತು.